ನೆಲ ಹಿಡಿಯಬೇಕು, ನೆಲ ಬಿಡಲೂಬೇಕು: ರಗ್ಬಿ ಬೂಟು ಆರಿಸುವ ಬಗೆ

ರಗ್ಬಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ ಬಹುಪಾಲು ಒಂದೇ: “ಮನೆಯಲ್ಲಿ ಫುಟ್‌ಬಾಲ್ ಬೂಟು ಇದೆ, ಅದನ್ನೇ ಹಾಕಿಕೊಂಡರೆ ಆಗದೇ?” ಮೊದಲ ಕೆಲವು ವಾರಗಳ ಅಭ್ಯಾಸಕ್ಕೆ ಖಂಡಿತ ಆಗುತ್ತದೆ. ಮೈದಾನದ ಅಂಚಿನಲ್ಲಿ ಓಡುವ ವಿಂಗ್ ಆಟಗಾರನಿಗೆ ಕೊನೆಯವರೆಗೂ ಆದೀತು. ಆದರೆ ಎರಡೂ ತಂಡದವರು ಕೊಂಡಿ ಹಾಕಿಕೊಂಡು ನೂಕಾಡುವ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಹೆಗಲು ಕೊಡಬೇಕಾದವನಿಗೆ ಆಗುವುದಿಲ್ಲ. ಒಂದೇ ಪ್ರಶ್ನೆಗೆ ಎರಡು ಉತ್ತರ ಏಕೆ ಎಂಬುದನ್ನು ಬಿಡಿಸಿ ನೋಡಿದರೆ ಬೂಟು ಆರಿಸುವ ವಿಷಯದಲ್ಲಿ ಅರ್ಧ ದಾರಿ ಸವೆಸಿದಂತೆ.

ಬೂಟಿನ ಕೆಲಸ ಎರಡು: ನೆಲವನ್ನು ಹಿಡಿಯುವುದು, ಸಮಯಕ್ಕೆ ಸರಿಯಾಗಿ ಬಿಡುವುದು. ನೂಕುವಾಗ, ನಿಂತಲ್ಲಿಂದ ಓಟ ಕೀಳುವಾಗ, ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್‌ಗೆ ನುಗ್ಗುವಾಗ ಹಿಡಿತ ಬೇಕು. ದಿಕ್ಕು ಬದಲಿಸಲು ಮೈ ತಿರುಗಿಸಿದಾಗ ಅಥವಾ ಎದುರಾಳಿ ಪಕ್ಕದಿಂದ ಬಂದು ಅಪ್ಪಳಿಸಿದಾಗ ಅದೇ ಹಿಡಿತ ಸಡಿಲವಾಗಬೇಕು. ಮೈ ತಿರುಗಿದರೂ ಪಾದ ನೆಲಕ್ಕೆ ಕಚ್ಚಿಕೊಂಡೇ ಉಳಿದರೆ ಆ ತಿರುಚನ್ನೆಲ್ಲ ನಡುವೆ ಇರುವ ಮೊಣಕಾಲು ಹೊರಬೇಕಾಗುತ್ತದೆ. ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿದು ತಿಂಗಳುಗಟ್ಟಲೆ ಹಾಸಿಗೆ, ಊರುಗೋಲು, ವ್ಯಾಯಾಮ ಎಂದು ಕಳೆದವರಲ್ಲಿ ಎಷ್ಟೋ ಮಂದಿಗೆ ಏಟು ಬಿದ್ದದ್ದು ಹೀಗೆಯೇ, ಯಾರೂ ಮುಟ್ಟದಿದ್ದಾಗಲೂ. ಜಾರುವ ಬೂಟನ್ನು ಎಲ್ಲರೂ ದೂರುತ್ತಾರೆ. ಅತಿಯಾಗಿ ಕಚ್ಚುವ ಬೂಟಿನ ಬಗ್ಗೆ ಯಾರೂ ದೂರುವುದಿಲ್ಲ, ಕೆಲವರಂತೂ ಅದನ್ನೇ ಮೆಚ್ಚಿ ಕೊಳ್ಳುತ್ತಾರೆ. ನನ್ನ ಆತಂಕ ಇರುವುದು ಇವರ ಬಗ್ಗೆಯೇ.

ಹಾಗಾಗಿ ಬೂಟಿನ ಆಯ್ಕೆ ಅಂಗಡಿಯ ಕಪಾಟಿನಿಂದ ಶುರುವಾಗಬಾರದು, ನೀವು ಆಡುವ ನೆಲದಿಂದ ಶುರುವಾಗಬೇಕು.

ಮಳೆಯಲ್ಲಿ ನೆನೆದ, ಹೆಜ್ಜೆ ಇಟ್ಟರೆ ಹೂತುಹೋಗುವ ಹುಲ್ಲುನೆಲಕ್ಕೆ ಇರುವುದು ತಿರುಪಿನ ಸ್ಟಡ್‌ಗಳ, ಅಂದರೆ ಅಟ್ಟೆಯ ಅಡಿಯಿಂದ ಚಾಚಿದ ಗುಬ್ಬಿಗಳನ್ನು ತಿರುಗಿಸಿ ಕೂರಿಸಿದ, ಬೂಟು. ಈ ಸ್ಟಡ್‌ಗಳು ಸಾಮಾನ್ಯವಾಗಿ ಅಲ್ಯೂಮಿನಿಯಂನವು. ಕೀಲಿಯಿಂದ ತಿರುಗಿಸಿ ಬಿಚ್ಚಬಹುದು, ಬದಲಿಸಬಹುದು. ಪೆಟ್ಟಿಗೆಯ ಮೇಲೆ ‘ಎಸ್‌ಜಿ’ ಎಂದಿರುತ್ತದೆ. ಮೆತ್ತನೆಯ ನೆಲಕ್ಕೆ ಎಂದು ಅರ್ಥ. ಗಟ್ಟಿಯಾಗಿದ್ದರೂ ಸ್ವಲ್ಪ ಪಸೆ ಇರುವ ಹುಲ್ಲುನೆಲಕ್ಕೆ ‘ಎಫ್‌ಜಿ’ ಬೂಟು. ಇದರಲ್ಲಿ ಸ್ಟಡ್‌ಗಳು ಅಟ್ಟೆಯ ಜೊತೆಗೇ ಎರಕವಾಗಿ ಬಂದಿರುತ್ತವೆ, ಬಿಚ್ಚಲು ಬರುವುದಿಲ್ಲ. ಗಿಡ್ಡ, ಸಂಖ್ಯೆಯಲ್ಲಿ ಹೆಚ್ಚು. ಕೃತಕ ಹುಲ್ಲಿಗೆ ‘ಎಜಿ’: ಇನ್ನೂ ಗಿಡ್ಡನೆಯ, ಇನ್ನೂ ಹೆಚ್ಚು ಸ್ಟಡ್‌ಗಳು, ಅಟ್ಟೆಯ ತುಂಬ ಹರಡಿಕೊಂಡಿರುತ್ತವೆ. ಹಿಮ್ಮಡಿಯಲ್ಲಿ ಲೋಹದ ಸ್ಟಡ್, ಮುಂಭಾಗದಲ್ಲಿ ಎರಕದ ಸ್ಟಡ್ ಬೆರೆತ ಬೂಟುಗಳೂ ಇವೆ.

ಎರಡಕ್ಷರ ಓದಿದರೆ ಮುಗಿಯಲಿಲ್ಲ, ಅದರ ಹಿಂದಿನ ಲೆಕ್ಕ ತಿಳಿಯಬೇಕು. ಸ್ಟಡ್ ಕೆಲಸ ಮಾಡುವುದು ಮಣ್ಣಿನೊಳಗೆ ಇಳಿದಾಗ. ಪೂರ್ತಿ ಇಳಿದು ಅಟ್ಟೆ ನೆಲಕ್ಕೆ ತಾಗಿದರೆ ನಿಮ್ಮ ತೂಕ ಇಡೀ ಪಾದದ ಮೇಲೆ ಹಂಚಿಹೋಗುತ್ತದೆ. ನೆಲ ಒಣಗಿ ಕಲ್ಲಾಗಿದ್ದರೆ ಉದ್ದನೆಯ ಲೋಹದ ಸ್ಟಡ್ ಒಳಗಿಳಿಯದೆ ಹೊರಗೇ ನಿಲ್ಲುತ್ತದೆ, ನೀವು ಆರೋ ಎಂಟೋ ಗೂಟಗಳ ಮೇಲೆ ನಿಂತಂತಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಆ ಗೂಟ ಅಟ್ಟೆಯನ್ನು ದಾಟಿ ಅಂಗಾಲಿಗೆ ಒತ್ತುತ್ತದೆ. ಹೆಬ್ಬೆರಳಿನ ಬುಡದಲ್ಲಿ ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದ ಹಾಗೆ ನೋವು ಏಳುತ್ತದೆ. ಹಿಡಿತವೂ ಇಲ್ಲ, ನೆಮ್ಮದಿಯೂ ಇಲ್ಲ. ಇದಕ್ಕೆ ತದ್ವಿರುದ್ಧ, ಕೆಸರಿನಲ್ಲಿ ಗಿಡ್ಡ ಸ್ಟಡ್‌ನ ಬೂಟು ಹಾಕಿದರೆ ಸ್ಟಡ್‌ಗಳ ನಡುವಿನ ಜಾಗದಲ್ಲೆಲ್ಲ ಮಣ್ಣು ಮೆತ್ತಿಕೊಂಡು ಹತ್ತು ನಿಮಿಷದಲ್ಲಿ ಅಟ್ಟೆ ಸಪಾಟಾದ ಹಲಗೆಯಂತಾಗಿಬಿಡುತ್ತದೆ.

ಸ್ಟಡ್‌ನ ಉದ್ದ ಬದಲಿಸುವುದರಿಂದ ಎಷ್ಟು ಲಾಭ ಎಂಬುದಕ್ಕೆ ಬಹಳ ಹೆಸರಾದ ನಿದರ್ಶನ ರಗ್ಬಿಯದಲ್ಲ, ಫುಟ್‌ಬಾಲಿನದು. 1954ರ ವಿಶ್ವಕಪ್ ಫೈನಲ್ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಮಳೆಯ ನಡುವೆ ನಡೆಯಿತು. ಪಶ್ಚಿಮ ಜರ್ಮನಿಯ ಆಟಗಾರರು ತಿರುಪಿನ ಸ್ಟಡ್‌ಗಳ ಬೂಟು ತೊಟ್ಟಿದ್ದರು, ನೆನೆದ ನೆಲಕ್ಕೆ ತಕ್ಕಂತೆ ಉದ್ದದ ಸ್ಟಡ್ ಹಾಕಿಕೊಂಡರು. ಅಂದು ಅವರು ಹಂಗೆರಿಯನ್ನು 3-2ರಿಂದ ಸೋಲಿಸಿದರು. ಗೆಲುವೆಲ್ಲ ಬೂಟಿನದೇ ಎನ್ನುವುದು ಉತ್ಪ್ರೇಕ್ಷೆ. ಆದರೆ ಆಕಾಶ ನೋಡಿ ಸ್ಟಡ್ ಬದಲಿಸುವ ಪದ್ಧತಿಯ ಬೆಲೆ ಲೋಕಕ್ಕೆ ತಿಳಿದದ್ದು ಅಲ್ಲಿಯೇ.

ರಗ್ಬಿಯ ತಿರುಪಿನ ಸ್ಟಡ್‌ಗಳು ಸಾಮಾನ್ಯವಾಗಿ 15, 18, 21 ಮಿಲಿಮೀಟರ್ ಉದ್ದದಲ್ಲಿ ಸಿಗುತ್ತವೆ. 21ಕ್ಕಿಂತ ಉದ್ದ ಇರಕೂಡದು ಎಂಬುದು ವರ್ಲ್ಡ್ ರಗ್ಬಿ ಸಂಸ್ಥೆಯ ನಿಯಮ. ನಿಮ್ಮ ನೆಲಕ್ಕೆ ಯಾವುದು ಸರಿ ಎಂದು ತಿಳಿಯಲು ಸುಲಭದ ದಾರಿ ಇದೆ. ಬೂಟು ತೊಟ್ಟು ಮೈದಾನದಲ್ಲಿ ಒಂಟಿ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ, ಜೊತೆಗಾರರೊಬ್ಬರಿಗೆ ಬಗ್ಗಿ ನೋಡಲು ಹೇಳಿ. ಅಟ್ಟೆಗೂ ನೆಲಕ್ಕೂ ನಡುವೆ ಬೆಳಕು ಕಂಡರೆ ಸ್ಟಡ್ ಆ ದಿನದ ನೆಲಕ್ಕೆ ಉದ್ದವಾಯಿತು. ಅಟ್ಟೆ ನೆಲಕ್ಕೆ ಕೂತು, ಆದರೂ ನೂಕಿದಾಗ ಪಾದ ಹಿಂದಕ್ಕೆ ಸರಿದರೆ ಗಿಡ್ಡವಾಯಿತು.

ಕೃತಕ ಹುಲ್ಲಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಹುಲ್ಲಿನ ಎಳೆಗಳ ನಡುವೆ ಮರಳು, ರಬ್ಬರ್ ಚೂರುಗಳನ್ನು ತುಂಬಿರುತ್ತಾರೆ. ನಿಜವಾದ ಹುಲ್ಲುನೆಲದಲ್ಲಿ ಜೋರಾಗಿ ತಿರುಗಿದಾಗ ಮಣ್ಣಿನ ಹೆಂಟೆಯೇ ಕಿತ್ತುಬಂದು ಕಾಲಿಗೆ ಬಿಡುಗಡೆ ಸಿಗುತ್ತದೆ. ಕೃತಕ ನೆಲ ಹಾಗೆ ಕಿತ್ತುಬರುವುದಿಲ್ಲ. ಅಲ್ಲಿ ಉದ್ದನೆಯ ಸ್ಟಡ್ ಹಾಕುವುದೆಂದರೆ ನಾನು ಮೇಲೆ ಹೇಳಿದ ಅಪಾಯವನ್ನು ಕೈಬೀಸಿ ಕರೆದ ಹಾಗೆ. ಲೋಹದ ಸ್ಟಡ್ ಎಳೆಗಳನ್ನು ಕತ್ತರಿಸುತ್ತದೆ ಎಂಬ ಕಾರಣಕ್ಕೆ ಅನೇಕ ಕೃತಕ ಮೈದಾನಗಳಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಇನ್ನೊಂದು ಸಂಗತಿ: ತೀರ ಮೆತ್ತಗಿರುವ ಅಟ್ಟೆಯ ಬೂಟಿನಲ್ಲಿ ಹೆಬ್ಬೆರಳು ಮೇಲಕ್ಕೆ ಮಿತಿಮೀರಿ ಬಾಗಿ ಬುಡದ ಕೀಲು ಉಳುಕುವುದುಂಟು. ಈ ಉಳುಕಿಗೆ ಕೃತಕ ಹುಲ್ಲಿನ ಹೆಸರೇ ಅಂಟಿಕೊಂಡಿದೆ, ಇಂಗ್ಲಿಷಿನಲ್ಲಿ ಅದನ್ನು ‘ಟರ್ಫ್ ಟೋ’ ಎನ್ನುತ್ತಾರೆ.

ಸ್ಟಡ್‌ನ ಆಕಾರವೂ ಮುಖ್ಯ. ದುಂಡನೆಯ ಸ್ಟಡ್ ಮಣ್ಣಿನಲ್ಲಿದ್ದುಕೊಂಡೇ ತಿರುಗಬಲ್ಲದು. ಚಪ್ಪಟೆಯಾದ, ಅಲಗಿನಂತಹ ಸ್ಟಡ್ ತನ್ನ ಅಗಲದ ದಿಕ್ಕಿಗೆ ಗಟ್ಟಿಯಾಗಿ ಹಿಡಿಯುತ್ತದೆ, ತಿರುಗಲು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೇರ ಓಟಕ್ಕೆ ಅಲಗು ಚೆನ್ನ. ಮೊಣಕಾಲಿಗೆ ಹಿಂದೆ ಏಟಾಗಿದ್ದರೆ ದುಂಡು ಸ್ಟಡ್ ಬಿಟ್ಟು ಬೇರೆಯದನ್ನು ನೋಡಬೇಡಿ.

ನೆಲ ಗೊತ್ತಾಯಿತು. ಈಗ ಆ ನೆಲದ ಮೇಲೆ ನೀವು ಮಾಡುವ ಕೆಲಸ ಯಾವುದು ಎಂಬ ಪ್ರಶ್ನೆ. ಹದಿನೈದು ಮಂದಿಯ ರಗ್ಬಿಯಲ್ಲಿ 1ರಿಂದ 8ರವರೆಗಿನ ಅಂಗಿ ತೊಟ್ಟವರು ಫಾರ್ವರ್ಡ್‌ಗಳು, 9ರಿಂದ 15ರವರೆಗಿನವರು ಬ್ಯಾಕ್‌ಗಳು. ಸ್ಕ್ರಮ್‌ನಲ್ಲಿ ಎರಡೂ ತಂಡಗಳ ಎಂಟೆಂಟು ಫಾರ್ವರ್ಡ್‌ಗಳು ಕೊಂಡಿ ಹಾಕಿಕೊಂಡು ನೂಕುತ್ತಾರೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದು ತಂಡದ ಆ ಎಂಟು ಮಂದಿಯ ಒಟ್ಟು ತೂಕವೇ 900 ಕಿಲೋ ಆಸುಪಾಸು. ಆ ನೂಕು ಕೊನೆಗೆ ನೆಲಕ್ಕೆ ಮುಟ್ಟುವುದು ಬೂಟಿನ ಮುಂಭಾಗದ ಸ್ಟಡ್‌ಗಳ ಮೂಲಕ.

ಸ್ಕ್ರಮ್‌ನ ಮುಂದಿನ ಸಾಲಿನ ತುದಿಯಲ್ಲಿ ನಿಲ್ಲುವ ಒಬ್ಬ ಪ್ರಾಪ್‌ನ ಪಾದವನ್ನು ಹತ್ತಿರದಿಂದ ನೋಡಿ. ರೆಫರಿ ‘ಕ್ರೌಚ್’ ಎಂದಾಗ ಅವನು ಕುಕ್ಕರಿಸುತ್ತಾನೆ, ‘ಬೈಂಡ್’ ಎಂದಾಗ ಎದುರಾಳಿಯ ಅಂಗಿ ಹಿಡಿಯುತ್ತಾನೆ. ಅಷ್ಟರಲ್ಲಿ ಹಿಮ್ಮಡಿ ನೆಲ ಬಿಟ್ಟು ಎರಡು ಬೆರಳಷ್ಟು ಮೇಲೆದ್ದಿರುತ್ತದೆ, ಭಾರವೆಲ್ಲ ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ. ‘ಸೆಟ್’ ಎಂದ ಕ್ಷಣ ಎದುರಿನ ಎಂಟು ಮಂದಿಯ ಭಾರ ಬಂದು ಬೀಳುತ್ತದೆ, ಮುಂಭಾಗದ ಸ್ಟಡ್‌ಗಳು ಹುಲ್ಲನ್ನು ಸೀಳಿಕೊಂಡು ಒಂದಿಂಚು ಹಿಂದೆ ಸರಿದು ಗಕ್ಕನೆ ನಿಲ್ಲುತ್ತವೆ. ಆ ಒಂದಿಂಚು ಎರಡಾದರೆ ಬೆನ್ನು ಬಾಗುತ್ತದೆ, ನಾಲ್ಕಾದರೆ ಸ್ಕ್ರಮ್ ಕುಸಿಯುತ್ತದೆ. ಕುಸಿದ ಸ್ಕ್ರಮ್‌ನ ಅಡಿಯಲ್ಲಿ ಇರುವುದು ಅವನ ಕತ್ತು. ಮುಂದಿನ ಸಾಲಿನವರು ಬೂಟಿನ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು ಇದಕ್ಕಾಗಿ.

ಅದಕ್ಕೇ ಮುಂದಿನ ಸಾಲಿನ ಪ್ರಾಪ್, ಹುಕ್ಕರ್, ಎರಡನೆಯ ಸಾಲಿನ ಲಾಕ್, ಈ ಐವರಿಗೆ ಎಂಟು ಸ್ಟಡ್‌ಗಳ ಬೂಟು: ಮುಂದೆ ಆರು, ಹಿಂದೆ ಎರಡು. ಸಾಮಾನ್ಯ ಆರು ಸ್ಟಡ್‌ಗಳ ಬೂಟಿನಲ್ಲಿ ಮುಂದೆ ನಾಲ್ಕೇ ಇರುತ್ತವೆ. ಫಾರ್ವರ್ಡ್ ಬೂಟಿನ ಅಟ್ಟೆ ಗಡುಸಾಗಿರುತ್ತದೆ, ಏಕೆಂದರೆ ಮೆತ್ತನೆಯ ಅಟ್ಟೆ ನೂಕಿನ ಬಲದಲ್ಲಿ ಒಂದಂಶವನ್ನು ತಾನು ಬಾಗುವುದರಲ್ಲೇ ಕಳೆದುಬಿಡುತ್ತದೆ. ಬೆರಳುಗಳ ಭಾಗ ತುಸು ಅಗಲ, ಹೊದಿಕೆ ದಪ್ಪ. ನೆಲದ ಮೇಲಿನ ಚೆಂಡಿಗಾಗಿ ಎರಡೂ ತಂಡದವರು ನಿಂತು ನೂಕಾಡುವ ರಕ್‌ನಲ್ಲಿ ಇನ್ನೊಬ್ಬರ ಬೂಟು ನಿಮ್ಮ ಬೆರಳ ಮೇಲೆ ಬರುವುದು ದಿನನಿತ್ಯದ ಮಾತು. ಕೆಲವು ಬೂಟುಗಳಲ್ಲಿ ಕುತ್ತಿಗೆ ಎತ್ತರವಾಗಿದ್ದು ಕಣಕಾಲನ್ನು ಮುಚ್ಚುತ್ತದೆ. ಒಂದು ಕಾಲದಲ್ಲಿ ಇಂಥ ಎತ್ತರದ ಬೂಟೇ ರೂಢಿಯಾಗಿತ್ತು, ಈಗ ಬಹುತೇಕರು ತಗ್ಗಿನ ಕುತ್ತಿಗೆಯದನ್ನೇ ಬಯಸುತ್ತಾರೆ. ಎತ್ತರದ ಕುತ್ತಿಗೆ ಇದ್ದ ಮಾತ್ರಕ್ಕೆ ಕಣಕಾಲು ಉಳುಕುವುದಿಲ್ಲ ಎಂದು ನಂಬಬೇಡಿ. ಅದು ಒದೆತದ ಪೆಟ್ಟಿನಿಂದ ಕಾಪಾಡುತ್ತದೆ, ಭರವಸೆಯ ಭಾವ ಕೊಡುತ್ತದೆ; ಉಳುಕು ತಡೆಯುವ ಕೆಲಸ ಮುಖ್ಯವಾಗಿ ನಿಮ್ಮ ಸ್ನಾಯುಗಳದು.

ಸ್ಕ್ರಮ್‌ನ ಪಕ್ಕಗಳಲ್ಲಿರುವ ಫ್ಲಾಂಕರ್ ಮತ್ತು ಹಿಂತುದಿಯಲ್ಲಿರುವ ಎಂಟನೇ ಸಂಖ್ಯೆಯವರ ಪಾಡು ಬೇರೆ. ಅವರು ಸ್ಕ್ರಮ್‌ನಲ್ಲಿ ನೂಕಿ, ಬಿಡಿಸಿಕೊಂಡು, ಮರುಗಳಿಗೆಯಲ್ಲೇ ಮೈದಾನದ ಇನ್ನೊಂದು ತುದಿಗೆ ಓಡಬೇಕು. ಆರು ಸ್ಟಡ್‌ಗಳ, ಮಧ್ಯಮ ತೂಕದ ಬೂಟು ಇವರಿಗೆ ಒಪ್ಪುತ್ತದೆ. ಬ್ಯಾಕ್‌ಗಳಿಗೆ ಹಗುರ ಬೂಟು. ವೇಗದ ಬೂಟುಗಳು ಒಂದೊಂದು 200 ಗ್ರಾಮ್ ಆಸುಪಾಸು ತೂಗುತ್ತವೆ, ಫಾರ್ವರ್ಡ್ ಬೂಟು 300 ಗ್ರಾಮ್ ದಾಟುವುದು ಸಾಮಾನ್ಯ. ಎಂಬತ್ತು ನಿಮಿಷದ ಆಟದಲ್ಲಿ ಸಾವಿರಾರು ಸಲ ಎತ್ತಿಡುವ ಕಾಲಿಗೆ ಆ ವ್ಯತ್ಯಾಸ ತಟ್ಟುತ್ತದೆ. ಏಳು ಮಂದಿಯ ಸೆವೆನ್ಸ್ ಆಟದಲ್ಲಿ ಓಟವೇ ಪ್ರಧಾನ, ಹದಿಮೂರು ಮಂದಿಯ ರಗ್ಬಿ ಲೀಗ್‌ನಲ್ಲಿ ಸ್ಕ್ರಮ್‌ನ ನೂಕಾಟ ನಾಮಮಾತ್ರ. ಅಲ್ಲಿ ಹೆಚ್ಚಿನವರಿಗೆ ಎರಕದ ಸ್ಟಡ್‌ನ ಹಗುರ ಬೂಟು ಸಾಕು.

ಗೋಲಿಗೆ ಒದೆಯುವವರು ಬೂಟಿನ ಮೇಲ್ಭಾಗವನ್ನು ನೋಡುತ್ತಾರೆ: ಚೆಂಡು ತಾಗುವ ಕಡೆ ನುಣುಪಾಗಿರಬೇಕು, ಲೇಸಿನ ಗಂಟು ಅಡ್ಡ ಬರಬಾರದು. ಅದಕ್ಕೆಂದೇ ಲೇಸನ್ನು ಹೊರಬದಿಗೆ ಸರಿಸಿದ ಬೂಟುಗಳಿವೆ. ಇದೆಲ್ಲ ಸರಿ, ಆದರೆ ಒದೆಯುವ ಕಾಲಿಗಿಂತ ಊರಿದ ಕಾಲು ಮುಖ್ಯ ಎಂಬುದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಊರಿದ ಕಾಲು ಅರ್ಧ ಇಂಚು ಜಾರಿದರೂ ಚೆಂಡು ಕಂಬದಾಚೆ. ಬೂಟು ಪರೀಕ್ಷಿಸುವಾಗ ಆ ಕಾಲನ್ನು ಓರೆಯಾಗಿ, ಜೋರಾಗಿ ಊರಿ ನೋಡಿ.

ಇಷ್ಟೆಲ್ಲ ಆದ ಮೇಲೂ ಅಳತೆ ತಪ್ಪಿದರೆ ಪ್ರಯೋಜನವಿಲ್ಲ. ನೆಲ, ಸ್ಥಾನ, ಚರ್ಮ ಇವುಗಳಲ್ಲಿ ಅಲ್ಪಸ್ವಲ್ಪ ರಾಜಿ ಮಾಡಿಕೊಳ್ಳಬಹುದು, ಅಳತೆಯಲ್ಲಿ ರಾಜಿ ಇಲ್ಲವೇ ಇಲ್ಲ.

ಬೂಟು ಕೊಳ್ಳಲು ಸಂಜೆ ಹೋಗಿ. ದಿನವೆಲ್ಲ ಓಡಾಡಿದ ಪಾದ ತುಸು ಊದಿಕೊಂಡಿರುತ್ತದೆ, ಆಟದ ನಡುವೆಯೂ ಹಾಗೆಯೇ ಊದುತ್ತದೆ. ಆಡುವಾಗ ಹಾಕುವ ಕಾಲುಚೀಲವನ್ನೇ ಜೊತೆಗೆ ಒಯ್ಯಿರಿ. ತೆಳು ಕಾಲುಚೀಲದಲ್ಲಿ ಸರಿಹೋದ ಬೂಟು ದಪ್ಪ ಕಾಲುಚೀಲದಲ್ಲಿ ಬಿಗಿಯುತ್ತದೆ. ಎಡ ಬಲ ಪಾದಗಳು ಒಂದೇ ಅಳತೆಯವಲ್ಲ, ಹೆಚ್ಚಿನವರಲ್ಲಿ ಒಂದು ತುಸು ದೊಡ್ಡದು. ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳಿ. ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ, ಅರ್ಧ ಸಂಖ್ಯೆಗೆ 4 ಮಿಲಿಮೀಟರ್‌ಗಿಂತ ತುಸು ಹೆಚ್ಚು. ಅರ್ಧ ಸಂಖ್ಯೆ ಏನು ಮಹಾ ಎಂದು ತಳ್ಳಿಹಾಕಬೇಡಿ, ಉಗುರು ಕಪ್ಪಾಗಲು ಅಷ್ಟು ಸಾಕು.

ಅಂಗಡಿಯಲ್ಲಿ ನಾನು ತಪ್ಪದೆ ಮಾಡುವ ಪರೀಕ್ಷೆಯೊಂದಿದೆ. ಬೂಟಿನೊಳಗಿನ ತೆಳು ಅಟ್ಟೆಯನ್ನು ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲುತ್ತೇನೆ. ಪಾದದ ಅಂಚು ಎಲ್ಲಿಯೂ ಅದರಾಚೆ ಉಕ್ಕಬಾರದು. ಉಕ್ಕಿದರೆ, ಅಷ್ಟು ಮಾಂಸವನ್ನು ಆ ಬೂಟು ಎಂಬತ್ತು ನಿಮಿಷ ಹಿಂಡುತ್ತದೆ ಎಂದು ಅರ್ಥ. ಅತಿ ಉದ್ದನೆಯ ಬೆರಳಿನ ಮುಂದೆ ಅರ್ಧ ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಜಾಗ ಉಳಿಯಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಓಡುತ್ತ ಗಕ್ಕನೆ ನಿಂತಾಗ ಪಾದ ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿಯುತ್ತದೆ. ಹೊರಗೆ ನೆಲವನ್ನು ಹಿಡಿದು ಬಿಡುವ ಬೂಟು ಒಳಗೂ ಅದನ್ನೇ ಮಾಡಬೇಕು: ಹಿಮ್ಮಡಿಯನ್ನೂ ನಡುಪಾದವನ್ನೂ ಬಿಗಿಯಾಗಿ ಹಿಡಿಯಬೇಕು, ಬೆರಳುಗಳನ್ನು ಆಡಲು ಬಿಡಬೇಕು.

ಆಮೇಲೆ ಲೇಸು ಕಟ್ಟಿ, ತುದಿಗಾಲಲ್ಲಿ ನಿಂತು ನೋಡಿ. ಹಿಮ್ಮಡಿ ಬೂಟಿನಿಂದ ಮೇಲೇಳುತ್ತಿದ್ದರೆ ಗುಳ್ಳೆ ಖಚಿತ. ನೀವು ಫಾರ್ವರ್ಡ್ ಆಗಿದ್ದರೆ ಸಂಕೋಚಪಡದೆ ಗೋಡೆಗೆ ಕೈಕೊಟ್ಟು ಸ್ಕ್ರಮ್‌ನ ಭಂಗಿಯಲ್ಲಿ ಒಂದು ನಿಮಿಷ ನೂಕಿ. ಬೂಟು ಬಾಗುವ ಜಾಗ ನಿಮ್ಮ ಬೆರಳುಗಳು ಬಾಗುವ ಜಾಗಕ್ಕೆ ಸರಿಯಾಗಿ ಕೂಡಬೇಕು. ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಪಾದದ ಕಮಾನಿನ ಹತ್ತಿರ, ನಟ್ಟನಡುವೆ ಮಡಿಚಿಕೊಳ್ಳುವ ಬೂಟನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಂದವಾಗಿದ್ದರೂ.

ಮಹಿಳೆಯರು ಇನ್ನೂ ಒಂದು ಎಚ್ಚರ ವಹಿಸಬೇಕು. ಸಾಮಾನ್ಯವಾಗಿ ಅವರ ಪಾದದಲ್ಲಿ ಮುಂಭಾಗದ ಅಗಲಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಮಾರುಕಟ್ಟೆಯ ಬಹುಪಾಲು ಬೂಟುಗಳು ಪುರುಷರ ಪಾದದ ಅಚ್ಚಿನ ಮೇಲೆ ತಯಾರಾದವು. ಮುಂದೆ ಸರಿಹೋದರೆ ಹಿಂದೆ ಸಡಿಲ, ಹಿಂದೆ ಸರಿಹೋದರೆ ಮುಂದೆ ಬಿಗಿ. ಮಹಿಳೆಯರ ಅಚ್ಚಿನ ಬೂಟುಗಳನ್ನು ಈಗ ಕೆಲವರು ತಯಾರಿಸುತ್ತಿದ್ದಾರೆ. ಸಿಕ್ಕರೆ ಅದನ್ನೇ ಮೊದಲು ಹಾಕಿ ನೋಡಿ. ಸಿಗದಿದ್ದರೆ ಮುಂಭಾಗಕ್ಕೆ ಸರಿಹೋಗುವುದನ್ನು ಆರಿಸಿ, ಮೇಲಿನ ಕೊನೆಯ ರಂಧ್ರಗಳಲ್ಲಿ ಲೇಸನ್ನು ಕುಣಿಕೆಯಂತೆ ಹಾಯಿಸಿ ಹಿಮ್ಮಡಿಯನ್ನು ಹಿಂದಕ್ಕೆ ಬಿಗಿಯಿರಿ. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಬೂಟು ಕೊಡಿಸುವುದು ಉಳಿತಾಯವಲ್ಲ. ಬೂಟಿನೊಳಗೆ ಪಾದ ಜಾರಾಡುವ ಮಗು ತಿರುಗಲು ಹೆದರುತ್ತದೆ, ಆಟವನ್ನೇ ಬಿಟ್ಟುಬಿಡುತ್ತದೆ.

ಚರ್ಮವೋ ಕೃತಕ ವಸ್ತುವೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಚರ್ಮ ನಿಮ್ಮ ಪಾದದ ಆಕಾರಕ್ಕೆ ಹಿಗ್ಗುತ್ತದೆ, ಆದ್ದರಿಂದ ಕೊಳ್ಳುವಾಗ ತುಸು ಬಿಗಿಯಾಗಿದ್ದರೂ ನಡೆಯುತ್ತದೆ. ಕಾಂಗರೂ ಚರ್ಮ ತೆಳುವಾಗಿದ್ದೂ ಗಟ್ಟಿ, ಕರುವಿನ ಚರ್ಮ ದಪ್ಪ. ಎರಡೂ ನೀರು ಕುಡಿದು ಭಾರವಾಗುತ್ತವೆ. ಕೃತಕ ವಸ್ತು ಹಗುರ, ನೀರು ಹೀರುವುದು ಕಡಿಮೆ, ಆದರೆ ಹಿಗ್ಗುವುದಿಲ್ಲ. ಮೊದಲ ದಿನ ಎಲ್ಲಿ ಕಚ್ಚುತ್ತದೋ ಕೊನೆಯ ದಿನವೂ ಅಲ್ಲಿಯೇ ಕಚ್ಚುತ್ತದೆ. ಬಣ್ಣದ ಬಗ್ಗೆ ಹೇಳುವುದೇನೂ ಇಲ್ಲ, ಇಷ್ಟವಾದದ್ದನ್ನು ಕೊಳ್ಳಿ.

ಕೊಂಡ ಬೂಟನ್ನು ನೇರವಾಗಿ ಪಂದ್ಯಕ್ಕೆ ತೊಡಬೇಡಿ. ಮನೆಯೊಳಗೆ ಅರ್ಧ ಗಂಟೆ, ಆಮೇಲೆ ಹಗುರ ಅಭ್ಯಾಸ, ಆಮೇಲೆ ಪೂರ್ಣ ಅಭ್ಯಾಸ. ಎರಡು ವಾರವಾದರೂ ಕೊಡಿ.

ಪಂದ್ಯಕ್ಕೆ ಮುನ್ನ ಅಧಿಕಾರಿಗಳು ಬೂಟುಗಳನ್ನು ಪರೀಕ್ಷಿಸುತ್ತಾರೆ. ಈ ಕಾಳಜಿ ಆಟದಷ್ಟೇ ಹಳೆಯದು. ಇಂಗ್ಲೆಂಡಿನ ರಗ್ಬಿ ಶಾಲೆಯ ವಿದ್ಯಾರ್ಥಿಗಳು 1845ರಲ್ಲಿ ಬರೆದಿಟ್ಟ ನಿಯಮಗಳಲ್ಲೇ ಬೂಟಿನ ಅಟ್ಟೆಗೂ ಹಿಮ್ಮಡಿಗೂ ಹೊರಚಾಚಿದ ಮೊಳೆ, ಕಬ್ಬಿಣದ ತಗಡು ಇರಕೂಡದು ಎಂದಿದೆ. ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದು ಆಟದ ಭಾಗವೇ ಆಗಿದ್ದ ಕಾಲ ಅದು. ಇಂದು ಮೊಳೆಯಿಲ್ಲ, ಆದರೆ ಸವೆದ ಅಲ್ಯೂಮಿನಿಯಂ ಸ್ಟಡ್ ಮೊಳೆಗಿಂತ ಕಡಿಮೆಯೇನಲ್ಲ. ಬಟ್ಟೆ ಬದಲಿಸುವ ಕೋಣೆಯಿಂದ ಮೈದಾನದವರೆಗೆ ಕಾಂಕ್ರೀಟಿನ ಮೇಲೆ ನಡೆದ ನಾಲ್ಕಾರು ಹೆಜ್ಜೆಗಳಲ್ಲಿಯೇ ಅದರ ಅಂಚು ಉಜ್ಜಿ ಹರಿತವಾಗತೊಡಗುತ್ತದೆ. ಹೆಬ್ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ: ನುಣ್ಣಗೆ ಸುತ್ತಿ ಬರುತ್ತಿದ್ದ ಬೆರಳು ಒಂದೆಡೆ ಗರಗಸದ ಹಲ್ಲಿಗೆ ಸಿಕ್ಕಂತೆ ತಡೆಯುತ್ತದೆ. ಆ ಹಲ್ಲು ರಕ್‌ನ ಅಡಿಯಲ್ಲಿ ಬಿದ್ದವನ ಕಿವಿಯನ್ನು ಸೀಳಬಲ್ಲದು.

ಒಂದೇ ಜೊತೆ ಕೊಳ್ಳಲು ಸಾಧ್ಯ ಎನ್ನುವವರಿಗೆ ನನ್ನ ಸಲಹೆ ಹೀಗೆ. ಮುಂದಿನ ಐವರಲ್ಲಿ ಒಬ್ಬರಾಗಿದ್ದು ಹೆಚ್ಚಾಗಿ ಮೆತ್ತನೆಯ ನೆಲದಲ್ಲಿ ಆಡುವವರು ಎಂಟು ಸ್ಟಡ್‌ಗಳ ತಿರುಪಿನ ಬೂಟನ್ನೇ ಕೊಳ್ಳಿ, ಮೂರೂ ಉದ್ದದ ಸ್ಟಡ್‌ಗಳನ್ನು ಚೀಲದಲ್ಲಿಟ್ಟುಕೊಳ್ಳಿ. ಉಳಿದವರೆಲ್ಲ ಎರಕದ ಸ್ಟಡ್‌ನ ಎಫ್‌ಜಿ ಬೂಟಿನಿಂದ ಶುರುಮಾಡಿ, ಕೆಸರಿನ ಕಾಲ ಬಂದಾಗ ಎರಡನೆಯದರ ಬಗ್ಗೆ ಯೋಚಿಸಿ. ಹಣ ಸಾಲದಿದ್ದರೆ ಬಳಸಿದ ಬೂಟೂ ಆದೀತು, ಆದರೆ ಸ್ಟಡ್ ಬಿಚ್ಚಿ ಒಳಗಿನ ತಿರುಪು ನೋಡದೆ ಹಣ ಕೊಡಬೇಡಿ. ತಿರುಪು ಸವೆದಿದ್ದರೆ ಆಟದ ನಡುವೆ ಸ್ಟಡ್ ಕಳಚಿಬೀಳುತ್ತದೆ.

ಆಟ ಮುಗಿದ ದಿನ ಹತ್ತು ನಿಮಿಷದ ಕೆಲಸ ಬಾಕಿ ಇರುತ್ತದೆ. ಮಣ್ಣು ಒಣಗುವ ಮೊದಲೇ ಕುಂಚದಿಂದ ಉಜ್ಜಿ ತೆಗೆಯಿರಿ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೋ ಬೆಂಕಿಯ ಬಳಿಗೋ ಇಟ್ಟರೆ ಚರ್ಮ ಸೆಡೆತು ಅಂಟು ಬಿಡುತ್ತದೆ. ಸ್ಟಡ್‌ಗಳನ್ನು ಒಂದೊಂದಾಗಿ ಬಿಚ್ಚಿ ತಿರುಪಿನೊಳಗಿನ ಮಣ್ಣು ಕೆದಕಿ, ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿ. ಬೆರಳು ಎಲ್ಲಿಯಾದರೂ ತಡೆದರೆ ಆ ಸ್ಟಡ್ ಅನ್ನು ಮುಂದಿನ ಪಂದ್ಯದವರೆಗೆ ಉಳಿಸಬೇಡಿ, ಅಲ್ಲೇ ಹೊಸದನ್ನು ತಿರುಗಿಸಿ.